ಇರುಳ ದೀಪಗಳಿಗೆ ಉಪಗ್ರಹದ ಕಣ್ಣು

ಬರ್ಲಿನ್ ಗೋಡೆ ಉರುಳಿದ್ದು 1989ರಲ್ಲಿ. ಆದರೆ 2013ರಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ತೆಗೆದ ಚಿತ್ರದಲ್ಲಿ ನಗರ ಇನ್ನೂ ಇಬ್ಭಾಗ: ಪೂರ್ವಕ್ಕೆ ಸೋಡಿಯಂ ದೀಪಗಳ ಹಳದಿ, ಪಶ್ಚಿಮಕ್ಕೆ ಬಿಳುಪು. ಜನ ಒಂದಾದರೂ ಬೀದಿದೀಪಗಳು ಒಂದಾಗಿರಲಿಲ್ಲ!

ಗಗನಯಾತ್ರಿಯ ಕ್ಯಾಮೆರಾ ಬಣ್ಣ ಹಿಡಿಯುತ್ತದೆ. ಎಲ್ಲ ಉಪಗ್ರಹಗಳಿಗೂ ಆ ಭಾಗ್ಯವಿಲ್ಲ. 2011ರಲ್ಲಿ ಹಾರಿದ ಅಮೆರಿಕದ ಸುವೋಮಿ ಎನ್‌ಪಿಪಿ ಸುಮಾರು 824 ಕಿ.ಮೀ. ಎತ್ತರದಿಂದ, ಆಯಾ ಊರಿನ ರಾತ್ರಿ ಒಂದೂವರೆಯ ಹೊತ್ತಿಗೆ, ಕೆಳಗೆ ಇಣುಕುತ್ತದೆ. ಮೀನುಗಾರಿಕೆ ದೋಣಿಯ ದೀಪವನ್ನೂ ಗುರುತಿಸುವಷ್ಟು ಚುರುಕು ಅದರ ಸಂವೇದಕ. ಆದರೆ 500 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ನೀಲಿ ಬೆಳಕು ಅದಕ್ಕೆ ಕಾಣದು. ಬಿಳಿ ಎಲ್‌ಇಡಿಯಲ್ಲಿ ಈ ನೀಲಿ ಧಾರಾಳ.

ಹೀಗಾಗಿ ಸೋಡಿಯಂ ಕಿತ್ತು ಎಲ್‌ಇಡಿ ಹಾಕಿದ ಬೀದಿ ನಮ್ಮ ಕಣ್ಣು ಕುಕ್ಕುತ್ತಿದ್ದರೂ ನಕ್ಷೆಯಲ್ಲಿ ಮಂಕಾಗಬಹುದು. ಉಪಗ್ರಹದ ಚಿತ್ರ ತೋರಿಸಿ ಬೆಳಕು ತಗ್ಗಿತೆಂದು ಯಾರಾದರೂ ಹೇಳಿದರೆ, ಉರಿಯುತ್ತಿರುವ ದೀಪ ಯಾವುದೆಂದು ಮೊದಲು ಕೇಳಿ.