ಅಚ್ಚುಮೊಳೆಯಿಂದ ಮೊಬೈಲಿಗೆ: ಕೊಂಕಣಿಯ ಅಕ್ಷರಯಾತ್ರೆ

1579ರಲ್ಲಿ ಗೋವೆಗೆ ಬಂದಿಳಿದ ಯೇಸುಸಭೆಯ ವಂ. ಥಾಮಸ್ ಸ್ಟೀಫನ್ಸ್ ಇಂಗ್ಲೆಂಡಿನವರು. ಮರಾಠಿ, ಕೊಂಕಣಿಗಳನ್ನು ಕಲಿತು ಅವುಗಳಲ್ಲೇ ಗ್ರಂಥರಚನೆ ಮಾಡಿದ ಈ ಗುರುಗಳಿಗೆ ನಾಡಿನ ಪುಸ್ತಕವು ನಾಡಿನ ಲಿಪಿಯಲ್ಲೇ ಅಚ್ಚಾಗಬೇಕೆಂಬ ಹಂಬಲವಿತ್ತು. ಅದು ಕೈಗೂಡಲಿಲ್ಲ. ರೋಮನ್ ಲಿಪಿಗೆ ಕೆಲವೇ ಅಚ್ಚುಮೊಳೆಗಳು ಸಾಕು. ಕಾಗುಣಿತ, ಒತ್ತಕ್ಷರಗಳುಳ್ಳ ನಮ್ಮ ಲಿಪಿಗಳಿಗೆ ನೂರಾರು ಬೇಕು. ಹೀಗಾಗಿ 1616ರಲ್ಲಿ ಅವರ ಮರಾಠಿ 'ಕ್ರಿಸ್ತಪುರಾಣ'ವೂ, ಅವರು ತೀರಿಕೊಂಡ ಬಳಿಕ 1640ರಲ್ಲಿ ಅವರ ಕೊಂಕಣಿ ವ್ಯಾಕರಣವೂ ರಾಶೋಲ್ ಮುದ್ರಣಾಲಯದಿಂದ ರೋಮನ್ ಲಿಪಿಯಲ್ಲೇ ಹೊರಬಂದವು. ಪೋರ್ಚುಗೀಸ್ ಆಡಳಿತವಂತೂ 1684ರಲ್ಲಿ ಕೊಂಕಣಿಯನ್ನೇ ತ್ಯಜಿಸಬೇಕೆಂದು ಆಜ್ಞೆ ಹೊರಡಿಸಿತು. ಭಾಷೆ ಅಳಿಯಲಿಲ್ಲ, ರೋಮನ್ ಲಿಪಿಯೂ ಅದಕ್ಕೆ ಅಂಟಿಕೊಂಡು ಉಳಿಯಿತು.

ಕೆನರಾಕ್ಕೆ ವಲಸೆ ಬಂದ ನಮ್ಮ ಪೂರ್ವಜರ ಮಾತಿಗೆ ಕನ್ನಡ ಲಿಪಿ ಒದಗಿತು. ಯೇಸುಸಭೆಯ ವಂ. ಮಾಫೆಯಿಯವರ ಇಂಗ್ಲಿಷ್-ಕೊಂಕಣಿ ನಿಘಂಟು 1883ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಥೋಲಿಕ ಗುರುಗಳ ಕೃತಿಯನ್ನು ಪ್ರೊಟೆಸ್ಟಂಟರ ಯಂತ್ರ ಮುದ್ರಿಸಿತೆಂಬುದು ನಮಗೆ ಇಂದಿಗೂ ಮುದ ನೀಡುವ ಸಂಗತಿ. ಮುಂದೆ 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಕನ್ನಡ ಲಿಪಿಯಲ್ಲೇ ಮನೆಮನೆಗೆ ಬಂದವು.

ಹೊರಗಿನ ಪದಗಳು ಬೆರೆತು ಭಾಷೆ ಕೆಟ್ಟಿತೆಂದು ಮರುಗುವವರುಂಟು. ಆ ಮರುಕ ನಮಗೆ ಅಷ್ಟಾಗಿ ಒಪ್ಪಿಗೆಯಾಗದು. ಇಗರ್ಜಿ, ಪಾದ್ರಿ, ಮೇಜು, ಚಾವಿ ಇವೆಲ್ಲ ಪೋರ್ಚುಗೀಸಿನಿಂದ ಬಂದು ನಮ್ಮ ವಿಭಕ್ತಿಗಳಿಗೆ ತಲೆಬಾಗಿ ಮನೆಯವೇ ಆದವು. ನಮ್ಮ ಅಂಜಿಕೆ ಬೇರೆಯದು. ಇಂದು ಮುಂಬಯಿಯಲ್ಲೋ ಕೊಲ್ಲಿ ನಾಡಿನಲ್ಲೋ ಇರುವ ಮಕ್ಕಳು ಊರಿನ ಅಜ್ಜಿಗೆ ಮೊಬೈಲಿನಲ್ಲಿ ಬರೆಯುವ ಕೊಂಕಣಿ ಮತ್ತೆ ರೋಮನ್ ಲಿಪಿಗೆ ಮರಳಿದೆ. ಅದೂ ಗೋವೆಯ ರೋಮನ್ ಅಲ್ಲ. ಗೋವೆಯವರು ಪೋರ್ಚುಗೀಸ್ ಪದ್ಧತಿಯಂತೆ 'ಶ'ಕಾರಕ್ಕೆ 'ಎಕ್ಸ್' ಅಕ್ಷರ ಬಳಸಿದರೆ, ಇಂಗ್ಲಿಷ್ ಕಲಿತ ನಮ್ಮ ಮಕ್ಕಳು 'ಎಸ್', 'ಎಚ್' ಜೋಡಿಸುತ್ತಾರೆ. ತಕಾರ-ಟಕಾರ, ಲಕಾರ-ಳಕಾರಗಳ ಭೇದವನ್ನು ಓದುವವರೇ ಊಹಿಸಬೇಕು. (ಕನ್ನಡವನ್ನು ಹೀಗೆ ಬರೆದರೆ ಹಲ್ಲಿಯೂ ಹಳ್ಳಿಯೂ ಒಂದೇ ಆದೀತು!) ಮಾತು ಬಲ್ಲವರಿಗೆ ಇದು ತೊಡಕಲ್ಲ. ಆದರೆ ಬರಹದಿಂದಲೇ ಭಾಷೆ ಕಲಿಯುವ ಮಗುವಿಗೆ ಆ ಉಚ್ಚಾರಗಳನ್ನು ತೋರಿಸಿಕೊಡುವವರಾರು?

ಅಜ್ಜಿಯ ಪ್ರಾರ್ಥನಾ ಪುಸ್ತಕ ಇರುವುದು ಕನ್ನಡ ಲಿಪಿಯಲ್ಲಿ. ಮೊಮ್ಮಗಳಿಗೆ ಕೊಂಕಣಿ ಅರ್ಥವಾಗುತ್ತದೆ, ಪುಸ್ತಕ ಓದಲಾಗದು. 2022ರಲ್ಲಿ ಗೂಗಲ್ ಅನುವಾದ ಯಂತ್ರಕ್ಕೆ ಕೊಂಕಣಿ ಸೇರಿತಾದರೂ ಅದು ಬರೆದು ತೋರಿಸಿದ್ದು ದೇವನಾಗರಿಯಲ್ಲಿ. ಯಂತ್ರ ಕಲಿಯುವುದು ತನ್ನ ಮುಂದೆ ಇಟ್ಟ ಬರಹದಿಂದ. ನಮ್ಮ ಹಿರಿಯರ ಬರಹದಲ್ಲಿ ಬಹುಭಾಗ ಇನ್ನೂ ಹಳೆಯ ಸಂಚಿಕೆಗಳಲ್ಲಿ, ಮನೆಯ ಅಟ್ಟಗಳಲ್ಲಿ ಉಳಿದಿದೆ. ಹಾಗೆಂದು ಮೊಬೈಲನ್ನು ದೂರಿ ಫಲವಿಲ್ಲ. ಸ್ಟೀಫನ್ಸರಿಗೆ ದೊರೆಯದ ನಾಡಿನ ಲಿಪಿ ಇಂದು ಅದೇ ಮೊಬೈಲಿನೊಳಗಿದೆ. ಕೀಲಿಮಣೆಯಲ್ಲಿ ಕನ್ನಡವನ್ನು ಆರಿಸಿಕೊಂಡರೆ ಮೊಮ್ಮಗಳ ಪತ್ರವನ್ನು ಅಜ್ಜಿ ತಾನೇ ಓದಿಕೊಂಡಾಳು.