ಚೌಕಾಬಾರವೂ ಹುಲಿಕುರಿಯೂ

ಹೋದ ವರ್ಷ ನಮ್ಮೂರ ಗುಡಿಯ ಜೀರ್ಣೋದ್ಧಾರವಾಯಿತು. ನಮ್ಮೂರು ನಾಗಮಂಗಲ ತಾಲ್ಲೂಕಿನದು; ಹೆಸರು ಹೇಳಿದರೂ ಅಕ್ಕಪಕ್ಕದ ಊರಿನವರ ಹೊರತು ಯಾರಿಗೂ ತಿಳಿಯಲಾರದು. ಗೋಪುರಕ್ಕೆ ಬಣ್ಣ ಬಂದಿತು, ಗರ್ಭಗುಡಿಗೆ ಹೊಸ ಬಾಗಿಲು ಬಂದಿತು, ಜಗಲಿಯ ಹಳೆಯ ಚಪ್ಪಡಿಗಳ ಮೇಲೆ ಸಿಮೆಂಟು ಬಳಿದು ಹೊಳೆಯುವ ಟೈಲ್ಸ್ ಕೂರಿಸಿದರು. ಊರಿಗೆಲ್ಲ ಸಂತೋಷವಾಯಿತು. ಚಂದಾ ಕೊಟ್ಟವರಲ್ಲಿ ನಮ್ಮ ಮನೆಯವರೂ ಸೇರಿರುವುದರಿಂದ ನಾನು ಆಕ್ಷೇಪಿಸುವಂತಿಲ್ಲ. ಆದರೆ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದವನು ಜಗಲಿಯ ಬಲಮೂಲೆಯಲ್ಲಿ ಕುಳಿತು, ಅಭ್ಯಾಸಬಲದಿಂದ ನೆಲದ ಮೇಲೆ ಕೈಯಾಡಿಸಿದಾಗ ಬೆರಳಿಗೆ ಏನೂ ತಗುಲಲಿಲ್ಲ. ಆ ಜಾಗದಲ್ಲಿ ಕಲ್ಲಿನಲ್ಲಿ ಕೊರೆದ ಹುಲಿಕುರಿಯ ಮನೆಯೊಂದಿತ್ತು. ಯಾರು ಕೊರೆದರೋ, ಯಾವಾಗ ಕೊರೆದರೋ ಬಲ್ಲವರಿರಲಿಲ್ಲ. ಅದನ್ನು ನೆನಪಿನಿಂದ ಕಾಗದದ ಮೇಲೆ ಬರೆದಿಡೋಣವೆಂದು ಹೊರಟೆ. ಬರೆಯಲಾಗಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಆಟಗಳ ವಿಷಯವಾಗಿ ಇನ್ನೊಂದು ಚರ್ಚೆ ನಮ್ಮ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಮೊದಲೇ ನಡೆದಿತ್ತು. ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕೃಷ್ಣರಾಜಪೇಟೆಯ ಕಡೆಯ ನನ್ನ ಸಹವಾಸಿಗೆ ಕಂಪ್ಯೂಟರ್ ಆಟಗಳ ಹುಚ್ಚು. ಅವನ ಅಚ್ಚುಮೆಚ್ಚಿನದು ಜಪಾನಿನ ಕೊನಾಮಿ ಸಂಸ್ಥೆಯ ‘ಕ್ಯಾಸಲ್‌ವೇನಿಯಾ’ ಎಂಬ ಸರಣಿ: ಚಾವಟಿ ಹಿಡಿದ ವೀರನೊಬ್ಬ ಡ್ರಾಕುಲಾನ ಕೋಟೆಯನ್ನು ಹೊಕ್ಕು ಭೂತಪ್ರೇತಗಳೊಡನೆ ಹೋರಾಡುವ ಕಥೆ. ಇದು ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರಕ್ಕೆ ಮೊದಲು ಬಂದದ್ದು ೧೯೮೯ರಲ್ಲಿ. ಆಗಿನ ಆಟದಲ್ಲಿ ನಾಲ್ಕು ಘಟ್ಟಗಳು. ಒಂದು ಮುಗಿದ ಮೇಲೆ ಮತ್ತೊಂದು. ದಾರಿ ಒಂದೇ, ಗಡಿಯಾರ ಓಡುತ್ತಿರುತ್ತದೆ, ಮುಂದಕ್ಕೆ ಹೋಗಬೇಕು. ೨೦೦೧ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಯಂತ್ರಕ್ಕೆ ಬಂದ ‘ಸರ್ಕಲ್ ಆಫ್ ದಿ ಮೂನ್’, ೨೦೦೩ರ ‘ಆರಿಯಾ ಆಫ್ ಸಾರೋ’ ಬೇರೆಯ ಜಾತಿಯವು. ಅಲ್ಲಿ ಘಟ್ಟಗಳೇ ಇಲ್ಲ, ಕೋಟೆಯೆಲ್ಲವೂ ಒಂದೇ. ಮುಚ್ಚಿದ ಬಾಗಿಲೊಂದನ್ನು ಕಂಡು ಹಿಂದಿರುಗಿ, ಬೇರೆಲ್ಲೋ ಹೆಚ್ಚು ಎತ್ತರಕ್ಕೆ ನೆಗೆಯುವ ಶಕ್ತಿ ಸಂಪಾದಿಸಿ, ಮತ್ತೆ ಅದೇ ಬಾಗಿಲಿಗೆ ಬರಬೇಕು. ಹೋದ ಕೋಣೆಗಳು ಮಾತ್ರ ನಕ್ಷೆಯಲ್ಲಿ ಮೂಡುತ್ತವೆ. ೨೦೧೯ರಲ್ಲಿ ಹಳೆಯ ಬಗೆಯವನ್ನೂ ೨೦೨೧ರಲ್ಲಿ ಹೊಸ ಬಗೆಯವನ್ನೂ ಸಂಸ್ಥೆಯವರು ಕಂತೆ ಕಟ್ಟಿ ಮತ್ತೆ ಮಾರಿದುದರಿಂದ ನನ್ನ ಮಿತ್ರನಿಗೆ ಎರಡೂ ಅವನ ಲ್ಯಾಪ್‌ಟಾಪಿನಲ್ಲಿಯೇ ದೊರಕಿವೆ. ಅವನ ಅಭಿಪ್ರಾಯದಲ್ಲಿ ಮೊದಲಿನದು ರೈಲು ಪ್ರಯಾಣ, ಎರಡನೆಯದು ಕಾಡು ಸುತ್ತುವುದು. ಬುದ್ಧಿವಂತನು ಎರಡನೆಯದನ್ನೇ ಆಡುತ್ತಾನೆ.

ಬುದ್ಧಿವಂತರ ಪಟ್ಟಿಯಿಂದ ನನ್ನನ್ನು ಇಷ್ಟು ಸುಲಭವಾಗಿ ತೆಗೆದುಹಾಕಿದ್ದು ನನಗೆ ಸರಿಬೀಳಲಿಲ್ಲ. ಯೋಚಿಸುತ್ತ ಹೋದಂತೆ ಈ ಭೇದ ಜಪಾನಿನವರು ಕಂಡುಹಿಡಿದದ್ದಲ್ಲವೆಂದೂ ತೋರಿತು. ಹಾಕಿಕೊಟ್ಟ ದಾರಿಯಲ್ಲಿ ನಡೆಯುವ ಆಟ, ದಾರಿಯನ್ನೇ ಹುಡುಕುವ ಆಟ ಎರಡೂ ನಮ್ಮ ಮನೆಗಳಲ್ಲಿಯೇ ಇವೆ. ಒಂದು ನಡುಮನೆಯಲ್ಲಿ, ಮತ್ತೊಂದು ಗುಡಿಯ ಜಗಲಿಯಲ್ಲಿ.

ನಡುಮನೆಯದು ಚೌಕಾಬಾರ. ಬಲ್ಲವರು ಕ್ಷಮಿಸಬೇಕು, ನಮ್ಮ ತರಗತಿಯಲ್ಲಿಯೇ ಅದನ್ನು ಆಡದ ಪಟ್ಟಣದವರಿರುವುದರಿಂದ ವಿವರಿಸುತ್ತೇನೆ. ಸೀಮೆಸುಣ್ಣದಿಂದ ಉದ್ದಕ್ಕೆ ೫, ಅಡ್ಡಕ್ಕೆ ೫, ಒಟ್ಟು ೨೫ ಮನೆಗಳನ್ನು ಬರೆಯಬೇಕು. ನಾಲ್ಕು ಬದಿಗಳ ನಡುವಣ ಮನೆಗೂ, ಎಲ್ಲಕ್ಕೂ ಮಧ್ಯದ ಮನೆಗೂ ಗುಣಾಕಾರದ ಗುರುತು. ಪ್ರತಿಯೊಬ್ಬರಿಗೂ ೪ ಕಾಯಿ: ಬಳೆಚೂರು, ಕಲ್ಲು, ಹುರುಳಿ, ಕೈಗೆ ಸಿಕ್ಕಿದ್ದು. ದಾಳವೆಂದರೆ ನಾಲ್ಕು ಕವಡೆ; ಕವಡೆಯಿಲ್ಲದವರು ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ೪. ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ೮. ಎರಡಕ್ಕೂ ಮತ್ತೊಂದು ಸಲ ಹಾಕುವ ಹಕ್ಕುಂಟು. ಹೊರಸುತ್ತನ್ನು ಎಡಕ್ಕೆ ತಿರುಗುತ್ತ ಮುಗಿಸಿ, ಒಳಸುತ್ತನ್ನು ಬಲಕ್ಕೆ ತಿರುಗುತ್ತ ಮುಗಿಸಿ, ನಡುಮನೆಯಲ್ಲಿ ಹಣ್ಣಾಗಬೇಕು. ಗುರುತಿಲ್ಲದ ಮನೆಯಲ್ಲಿ ಕುಳಿತ ಎದುರಾಳಿಯ ಕಾಯಿಯನ್ನು ಕಡಿಯಬಹುದು; ಕಡಿಸಿಕೊಂಡವನು ಮೊದಲಿನಿಂದ ಹೊರಡಬೇಕು. ಒಂದಾದರೂ ಕಾಯಿ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ನಮ್ಮ ಮನೆಯ ಕಾನೂನು. ಶ್ರೀರಂಗಪಟ್ಟಣ ತಾಲ್ಲೂಕಿಗೆ ಕೊಟ್ಟಿರುವ ನನ್ನ ಅತ್ತೆಯ ಮನೆಯಲ್ಲಿ ಈ ಕಾನೂನಿಲ್ಲ. ನಾಲೆ ನೀರಿನವರಿಗೆ ಎಲ್ಲವೂ ಸಲೀಸು ಎಂದು ನಮ್ಮಪ್ಪ ಅದನ್ನು ವ್ಯಾಖ್ಯಾನಿಸುತ್ತಾನೆ.

ಲೆಕ್ಕ ಹಾಕಿ ನೋಡಿದೆ. ತನ್ನ ಮನೆಯಿಂದ ಹೊರಟ ಕಾಯಿ ಹೊರಸುತ್ತಿನಲ್ಲಿ ೧೫ ಹೆಜ್ಜೆ, ಒಳಸುತ್ತಿನಲ್ಲಿ ೮, ಕೊನೆಯದೊಂದು, ಒಟ್ಟು ೨೪ ಹೆಜ್ಜೆ ನಡೆಯುತ್ತದೆ. ನಾಲ್ಕು ಕಾಯಿಗೆ ೯೬. ಕವಡೆ ಅಂಗಾತ ಬೀಳುವುದೂ ಮಗುಚಿ ಬೀಳುವುದೂ ಸಮವೆಂದು ಇಟ್ಟುಕೊಂಡರೆ (ನಿಜವಾದ ಕವಡೆ ಅಷ್ಟು ನ್ಯಾಯವಂತವಲ್ಲ) ೧೬ ಬಗೆಯ ಬೀಳುವಿಕೆಯಲ್ಲಿ ೧ ಬೀಳುವುದು ೪ ಸಲ, ೨ ಬೀಳುವುದು ೬ ಸಲ, ೩ ಬೀಳುವುದು ೪ ಸಲ, ಚೌಕ ಒಂದು ಸಲ, ಬಾರ ಒಂದು ಸಲ. ಸರಾಸರಿ ಎರಡೂವರೆ ಹೆಜ್ಜೆ. ಹೀಗಿರುವಾಗ ಕಡಿಸಿಕೊಳ್ಳದೆ ಹೋದರೂ ಒಂದು ಆಟಕ್ಕೆ ಒಬ್ಬೊಬ್ಬರೂ ಸುಮಾರು ೩೮ ಸಲ ಕವಡೆ ಹಾಕಬೇಕಾಗುತ್ತದೆ. ಮಳೆಗಾಲದ ಮಧ್ಯಾಹ್ನವೊಂದು ಕಳೆಯುವುದಕ್ಕೆ ತಕ್ಕ ಅಳತೆ!

ದಾರಿ ಒಂದೇ ಆದರೂ ಇದರಲ್ಲಿ ಬುದ್ಧಿಗೆ ಕೆಲಸವಿಲ್ಲವೆನ್ನಲಾಗದು. ೩ ಬಿದ್ದಾಗ ಯಾವ ಕಾಯಿಯನ್ನು ನಡೆಸಬೇಕು? ಕಟ್ಟೆಯಲ್ಲಿ ಕ್ಷೇಮವಾಗಿ ಕುಳಿತದ್ದನ್ನು ಎಬ್ಬಿಸಬೇಕೋ, ಹಿಂದಿನಿಂದ ಅತ್ತೆಯ ಕಾಯಿ ಎರಡೇ ಮನೆ ದೂರದಲ್ಲಿರುವುದನ್ನು ಓಡಿಸಬೇಕೋ? ಎರಡು ಬೀಳುವುದೇ ಹೆಚ್ಚೆಂದು ಮೇಲಿನ ಲೆಕ್ಕ ಹೇಳುತ್ತದೆ. ಲೆಕ್ಕವನ್ನೇ ಓದದ ನಮ್ಮಮ್ಮ, ತನ್ನ ಕಾಯಿ ಎದುರಾಳಿಗಿಂತ ಎರಡು ಮನೆ ಮುಂದಿರಲು ಎಂದೂ ಬಿಡುವುದಿಲ್ಲ. ಇದನ್ನು ನಾನು ಹೋದ ತಿಂಗಳು ಗಮನಿಸಿದೆ. ಆಯ್ಕೆ ಸ್ವಲ್ಪವೂ ಇಲ್ಲದ ಆಟ ಬೇಕಾದರೆ ಹಾವು-ಏಣಿಯನ್ನು ನೋಡಬೇಕು: ಒಂದೇ ಕಾಯಿ, ಬಿದ್ದಷ್ಟು ನಡೆ, ಹಾವು ನುಂಗಿದರೆ ಇಳಿ. ಅದರ ಹಳೆಯ ರೂಪವಾದ ಪರಮಪದ ಸೋಪಾನದಲ್ಲಿ ಏಣಿಗಳು ಪುಣ್ಯ, ಹಾವುಗಳು ಪಾಪ. ವೈಕುಂಠ ಏಕಾದಶಿಯ ಜಾಗರಣೆಗೆಂದು ಶ್ರೀವೈಷ್ಣವರ ಮನೆಗಳಲ್ಲಿ ಆಡುತ್ತಿದ್ದರು. ನಮ್ಮ ಪಚ್ಚೀಸಿಯನ್ನು ನೋಡಿ ಇಂಗ್ಲೆಂಡಿನವರು ೧೮೯೬ರಲ್ಲಿ ‘ಲೂಡೋ’ ಎಂದು ಹಕ್ಕುಪತ್ರ ಪಡೆದು, ಅದನ್ನು ಮತ್ತೆ ನಮಗೇ ಮಾರಿದರು. ಅದೂ ಇದೇ ಪಂಗಡ. ಪಗಡೆಯ ಮಾತೆತ್ತಿದರೆ ಪಾಂಡವಪುರದ ನಮ್ಮ ಮಿತ್ರರೊಬ್ಬರು ಎದ್ದುಹೋಗುತ್ತಾರೆ. ಹಿರೋಡೆಯೆಂದೂ, ಹೈದರ್-ಟಿಪ್ಪುವಿನ ಫ್ರೆಂಚ್ ದಂಡು ತಂಗಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡ ಊರಿಗೆ ಈಗ ಇರುವ ಹೆಸರಿನ ಮರ್ಯಾದೆ ಕಾಯಬೇಕಲ್ಲವೇ ಎನ್ನುತ್ತಾರೆ.

ಅಳಗುಳಿಮಣೆ ಈ ಎರಡಕ್ಕೂ ನಡುವಿನದು. ಏಳೇಳರ ಎರಡು ಸಾಲು, ೧೪ ಗುಳಿ. ಬೀಜ ಹಂಚುತ್ತ ಹೋಗುವ ದಿಕ್ಕು ಗೊತ್ತಾದದ್ದು, ಆದರೆ ಯಾವ ಗುಳಿಯಿಂದ ಎತ್ತಬೇಕೆಂಬುದು ಆಡುವವರ ಇಷ್ಟ. ಕವಡೆಯಿಲ್ಲ, ಅದೃಷ್ಟವಿಲ್ಲ. ಇದರ ಬಗ್ಗೆ ಬೇರೆಯೇ ಬರೆಯಬೇಕು, ಈಗ ಬಿಡುತ್ತೇನೆ.

ಇನ್ನು ಹುಲಿಕುರಿ. ದೀಪಾವಳಿಯ ಮರುದಿನ ನೋಟುಪುಸ್ತಕದಲ್ಲಿ ನಾನು ಬರೆದ ಚಿತ್ರ ಹೀಗಿತ್ತು: ಮೇಲೊಂದು ಶಿಖರ, ಅದರಿಂದ ಇಳಿಯುವ ಮೂರು ಗೆರೆ, ಅವನ್ನು ಅಡ್ಡಲಾಗಿ ಕತ್ತರಿಸಿ ಎರಡೂ ಕಡೆ ಚಾಚಿದ ಮೂರು ಸಾಲು, ಆ ಸಾಲುಗಳ ತುದಿಗಳನ್ನು ಕೂಡಿಸಿದ ಗೆರೆ, ಕೆಳಗೆ ಬುಡದ ಗೆರೆ. ಎಣಿಸಿದರೆ ೧೯ ಬಿಂದು. ಆಟಕ್ಕೆ ಬೇಕಾದವು ೩ ಹುಲಿ, ೧೫ ಕುರಿ. ಎಲ್ಲವೂ ಕುಳಿತ ಮೇಲೆ ಉಳಿಯುವುದು ಒಂದೇ ಬಿಂದು! ಹುಲಿ ಉಸಿರಾಡುವುದಕ್ಕೂ ಜಾಗವಿಲ್ಲ. ಎಲ್ಲೋ ತಪ್ಪಿದೆಯೆಂದು ಗೊತ್ತಾಯಿತು, ಎಲ್ಲಿಯೆಂದು ಗೊತ್ತಾಗಲಿಲ್ಲ. ಜಗಲಿಯಲ್ಲಿ ಆಡುತ್ತಿದ್ದ ಹಿರಿಯರನ್ನು ಕೇಳಿದೆ. ಒಬ್ಬರು ನಾಲ್ಕು ಹುಲಿ ಎಂದರು, ಒಬ್ಬರು ಕಲ್ಲು ನೋಡಿದರೆ ಹೇಳಬಲ್ಲೆ ಎಂದರು. ಕಲ್ಲು ಸಿಮೆಂಟಿನಡಿಗೆ ಹೋಗಿತ್ತು.

ಒಲೆಯ ಮುಂದೆ ಕುಳಿತಿದ್ದ ನಮ್ಮಜ್ಜಿ ನನ್ನ ಪುಸ್ತಕವನ್ನು ತಿರುಗಿಸಿ ನೋಡಿ, “ನಡುವ್ಕೆ ಎರಡು ಗೆರೆ ಕಣ್ಲಾ ಮಗ, ಒಂದಲ್ಲ” ಎಂದಳು. ಎದ್ದು ಇದ್ದಲಿನ ಚೂರು ತೆಗೆದುಕೊಂಡು ನೆಲದ ಮೇಲೆ, ಕೈ ಎತ್ತದೆ, ಶಿಖರದಿಂದ ನಾಲ್ಕು ಗೆರೆ ಇಳಿಸಿದಳು. ಶಿಖರ ೧, ಆರಾರರ ಮೂರು ಸಾಲು ೧೮, ಬುಡದಲ್ಲಿ ೪, ಒಟ್ಟು ೨೩. ಹದಿನೆಂಟು ಕೂತರೆ ಐದು ಖಾಲಿ. ಸರಿಹೋಯಿತು.

ನನಗೆ ಆಶ್ಚರ್ಯವಾದದ್ದು ಏತಕ್ಕೆಂದರೆ, ಅಜ್ಜಿ ಆ ಜಗಲಿಯನ್ನು ಎಂದೂ ಹತ್ತಿದವಳಲ್ಲ. ನಮ್ಮೂರಲ್ಲಿ ಹೆಂಗಸರು ಪೂಜೆಗೆ ಬಂದು ಹೋಗುತ್ತಾರೆ. ಜಗಲಿಯಲ್ಲಿ ಕುಳಿತು ಆಡುವುದು ಗಂಡಸರ ಪಾಲು. ಕೇಳಿದರೆ, ತವರಿನಲ್ಲಿ ಕುರಿ ಕಾಯುವಾಗ ಬಂಡೆಯ ಮೇಲೆ ಇದ್ದಲಿನಿಂದ ಬರೆದು ಆಡುತ್ತಿದ್ದೆವು ಎಂದಳು. ತವರೆಂದರೆ ಕೃಷ್ಣರಾಜಪೇಟೆ ತಾಲ್ಲೂಕು, ಕಿಕ್ಕೇರಿಯ ಕಡೆ. ಮದುವೆಯಾಗಿ ಬಂದ ಮೇಲೆ ಆಡಿದೆಯಾ ಎಂದೆ. “ಯಾರ್ ಕರೀತಾರ್ಲಾ” ಎಂದಳು. ಆಮೇಲೆ ನನ್ನೊಡನೆ ಆಡಿ ನಾಲ್ಕು ಆಟದಲ್ಲಿ ನಾಲ್ಕನ್ನೂ ಗೆದ್ದಳು, ಎರಡು ಸಲ ಹುಲಿಯಾಗಿ, ಎರಡು ಸಲ ಕುರಿಯಾಗಿ.

ಅವಳಿಂದ ಕಲಿತದ್ದನ್ನು ಬರೆಯುತ್ತೇನೆ. ಒಂದು ಹುಲಿ ಶಿಖರದಲ್ಲಿ, ಎರಡು ಅದರ ಕೆಳಗಿನ ಸಾಲಿನ ನಡುವೆ. ಕುರಿಯವನು ಒಂದೊಂದೇ ಕುರಿಯನ್ನು ಖಾಲಿ ಬಿಂದುವಿನಲ್ಲಿ ಇಡುತ್ತ ಬರಬೇಕು. ಒಂದು ಕುರಿಗೆ ಒಂದು ಹುಲಿಯ ನಡೆ. ಹದಿನೈದೂ ಬರುವವರೆಗೆ ಯಾವ ಕುರಿಯೂ ಕದಲುವಂತಿಲ್ಲ. ಹುಲಿ ಗೆರೆ ಹಿಡಿದು ಪಕ್ಕದ ಬಿಂದುವಿಗೆ ನಡೆಯಬಹುದು, ಅಥವಾ ಪಕ್ಕದ ಕುರಿಯ ಆಚೆ ನೇರಗೆರೆಯಲ್ಲಿ ಖಾಲಿಯಿದ್ದರೆ ನೆಗೆದು ಅದನ್ನು ಕೊಲ್ಲಬಹುದು. ಮೂರು ಹುಲಿಗಳೂ ಅಲುಗದಂತೆ ಕಟ್ಟಿಹಾಕಿದರೆ ಕುರಿಗೆ ಗೆಲುವು. ದಾಳವಿಲ್ಲ, ಸೋತವನು ಕವಡೆಯ ಮೇಲೆ ತಪ್ಪು ಹೊರಿಸುವಂತಿಲ್ಲ.

ನಾನು ಮೊದಲನೆಯ ಕುರಿಯನ್ನು ನಡುವೆ ಇಟ್ಟೆ. ಮರುನಡೆಯಲ್ಲಿಯೇ ಸತ್ತಿತು. ಅಜ್ಜಿ ಕುರಿಯಾದಾಗ ಮೊದಲಿನವನ್ನೆಲ್ಲ ಮೂಲೆಗಳಲ್ಲಿ ಇಟ್ಟಳು. ಗೆರೆ ಅಲ್ಲಿಗೇ ಮುಗಿಯುವುದರಿಂದ ಆಚೆಗೆ ನೆಗೆಯಲು ಹುಲಿಗೆ ನೆಲೆಯಿಲ್ಲ. ಶಿಖರವನ್ನು ಬಿಟ್ಟರೆ ಅಂಥ ಮೂಲೆಗಳು ೬: ಮೇಲಿನ ಮತ್ತು ಕೆಳಗಿನ ಅಡ್ಡಸಾಲುಗಳ ತುದಿಗಳು ನಾಲ್ಕು, ಬುಡದ ತುದಿಗಳೆರಡು. ಅಲ್ಲಿಂದ ಮುಂದೆ ಪ್ರತಿ ಕುರಿಯ ಬೆನ್ನಿಗೂ ಇನ್ನೊಂದು ಕುರಿ. ಹುಲಿಗೆ ಎಲ್ಲ ಕಡೆಗೂ ದಾರಿಯಿದ್ದಂತೆ ಕಾಣುತ್ತದೆ, ಒಂದೊಂದಾಗಿ ಮುಚ್ಚುತ್ತ ಬರುತ್ತವೆ. ಇಲ್ಲಿ ನನ್ನ ಮಿತ್ರನ ಹೊಸ ಬಗೆಯ ಆಟವನ್ನು ತಿರುಗುಮುರುಗು ಮಾಡಿದಂತಿದೆ. ಅವನ ಕೋಟೆಯಲ್ಲಿ ಮುಚ್ಚಿದ ಬಾಗಿಲುಗಳು ಆಡುತ್ತ ಆಡುತ್ತ ತೆರೆಯುತ್ತವೆ. ಹುಲಿಯ ಬೆಟ್ಟದಲ್ಲಿ ತೆರೆದ ದಾರಿಗಳು ಆಡುತ್ತ ಆಡುತ್ತ ಮುಚ್ಚುತ್ತವೆ. ಎರಡರಲ್ಲಿಯೂ ನಕ್ಷೆ ತಲೆಯಲ್ಲಿರಬೇಕು.

ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಅವರು ಹುಟ್ಟಿದ್ದು ೧೭೯೪ರಲ್ಲಿ, ನಮ್ಮ ಶ್ರೀರಂಗಪಟ್ಟಣದಲ್ಲಿಯೇ; ೧೭೯೯ರಲ್ಲಿ ಕೋಟೆ ಬಿದ್ದಮೇಲೆ ಐದು ವರ್ಷದ ಮಗುವಾಗಿ ಮೈಸೂರಿನಲ್ಲಿ ಪಟ್ಟವೇರಿದರು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆಯೂ ೧೮೬೮ರವರೆಗೆ ಬದುಕಿದ್ದ ಈ ದೊರೆ ಮಣೆಯಾಟಗಳಲ್ಲಿ ಅಪಾರ ಶ್ರದ್ಧೆಯಿಟ್ಟಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿಯೂ ಒಂದೊಂದೇ ಸಲ ಓಡಿಸಿ ಮುಗಿಸುವ ಸಮಸ್ಯೆಗೆ ಅವರು ಪರಿಹಾರಗಳನ್ನು ರಚಿಸಿದ್ದರು. ರಾಜ್ಯದಲ್ಲಿ ಸ್ವಂತವಾಗಿ ಒಂದು ಹೆಜ್ಜೆಯಿಡಲು ಅವಕಾಶವಿಲ್ಲದವರು ಮಣೆಯ ಮೇಲೆ ಹೊಸ ದಾರಿಗಳನ್ನು ಹುಡುಕುತ್ತ ಕುಳಿತರೆಂದು ನನಗೆ ತೋರುತ್ತದೆ. ಇದು ಚರಿತ್ರೆಯಲ್ಲ, ನನ್ನ ಊಹೆ. ಇತಿಹಾಸದ ಉಪನ್ಯಾಸಕರು ತಿದ್ದಬಹುದು.

ಹಾಗಾದರೆ ನನ್ನ ಮಿತ್ರನ ಮಾತು ನಿಜವೇ? ದಾರಿ ಹುಡುಕುವ ಆಟ ಮೇಲೆಂದು ನಾನು ಒಪ್ಪಲಾರೆ. ಹುಲಿಕುರಿಯಲ್ಲಿ ಬಲ್ಲವನು ಗೆಲ್ಲುತ್ತಲೇ ಇರುತ್ತಾನೆ, ಬಾರದವನು ಸೋಲುತ್ತಲೇ ಇರುತ್ತಾನೆ. ನಾಲ್ಕು ಆಟ ಸೋತ ಮೇಲೆ ನನಗೇ ಬೇಸರ ಬಂದಿತು, ಆರು ವರ್ಷದ ನನ್ನ ತಂಗಿಯಂತೂ ಕೂರುವುದೇ ಇಲ್ಲ. ಚೌಕಾಬಾರದಲ್ಲಿ ಅವಳೂ ಅಜ್ಜಿಯೂ ಸಮನಾಗಿ ಕೂರುತ್ತಾರೆ, ಎಷ್ಟೋ ಸಲ ಅವಳೇ ಗೆಲ್ಲುತ್ತಾಳೆ. ದಾರಿ ಹಾಕಿಕೊಟ್ಟದ್ದರಿಂದಲೇ ಮನೆಮಂದಿಯೆಲ್ಲ ಒಟ್ಟಿಗೆ ಆಡಲು ಸಾಧ್ಯ. ಇನ್ನೊಂದು ಮಾತೂ ಇದೆ. ಪದವಿ ಮುಗಿಸಿದವರು ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಇಲ್ಲ. ಮುಂದೇನು ಎಂದು ಅಪ್ಪ ನನ್ನನ್ನೇ ಕೇಳುತ್ತಾನೆ, ನಾನು ಗುರುಗಳನ್ನು ಕೇಳುತ್ತೇನೆ. ಎಲ್ಲ ಕಡೆಗೂ ಗೆರೆಗಳಿರುವ ಬೆಟ್ಟದ ಮೇಲೆ ಮೊದಲ ಕುರಿ ಇಡುವ ಕಷ್ಟ ತಿಳಿದವನು ಚೌಕಾಬಾರವನ್ನು ಹಳಿಯಲಾರ.

ಸಂಕ್ರಾಂತಿಗೆ ಹೋದಾಗ ಜಗಲಿಯ ಟೈಲ್ಸಿನ ಮೇಲೆ ಸೀಮೆಸುಣ್ಣದಿಂದ ೨೩ ಬಿಂದುಗಳ ಮನೆ ಬರೆದೆ. ನುಣುಪಿಗೆ ಸುಣ್ಣ ಹಿಡಿಯಲಿಲ್ಲ. ಹುಡುಗರ ಚಡ್ಡಿಗೆ ಹತ್ತಿ ಸಂಜೆಯ ಹೊತ್ತಿಗೆ ಮಾಯವಾಯಿತು. ಗುಡಿಯ ಹಿಂದೆ ಲಂಟಾನದ ಪೊದೆಯ ಬಳಿ ಉಳಿದ ಹಳೆಯ ಚಪ್ಪಡಿಯೊಂದು ಬಿದ್ದಿದೆ. ಊರಿನ ಹಿರಿಯರು ಅದನ್ನು ಜಗಲಿಯ ಪಕ್ಕದಲ್ಲಿ ಹಾಕಲು ಒಪ್ಪಿದ್ದಾರೆ, ಕಲ್ಲುಕುಟಿಗರು ಯುಗಾದಿಯ ಹೊತ್ತಿಗೆ ಬರುವುದಾಗಿ ಹೇಳಿದ್ದಾರೆ. ನನ್ನ ನೋಟುಪುಸ್ತಕದ ಚಿತ್ರವನ್ನು ಅವರಿಗೆ ಕೊಟ್ಟಿದ್ದೇನೆ. ಆದರೂ ಉಳಿ ಇಡುವ ಮೊದಲು ಗೆರೆಗಳನ್ನು ಅಜ್ಜಿಯೇ ಬಂದು ಎಳೆಯಬೇಕೆಂದು ನನ್ನ ಹಟ. ಅಷ್ಟು ಜನ ಗಂಡಸರ ಮುಂದೆ ಅವಳು ಬರುತ್ತಾಳೋ ಇಲ್ಲವೋ, ಇನ್ನೂ ಹೇಳಿಲ್ಲ.