ಸೀಟು ಬಿಚ್ಚೋ ಮುಂಚೆ ಒಂದು ಲೆಕ್ಕ

ಬೇಗೂರಿನಲ್ಲಿ ಹೆದ್ದಾರಿ ಪಕ್ಕ ಅರ್ಧ ಗಂಟೆ ನಿಂತರೆ ಸಾಕು, ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಏನು ಬೆಳೀತಾರೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಟೊಮೆಟೊ, ಬೀನ್ಸ್, ಎಲೆಕೋಸು, ಬಾಳೆಗೊನೆ, ಅರಿಶಿನ, ಕಾಲಕ್ಕೆ ಸರಿಯಾಗಿ ಚೆಂಡುಹೂವು, ಎಲ್ಲವೂ ಗಾಡಿ ಮೇಲೆ ಹೋಗ್ತಾ ಇರುತ್ತೆ. ಒಂದು ಕಡೆ ನಂಜನಗೂಡು, ಮೈಸೂರು. ಇನ್ನೊಂದು ಕಡೆ ಗುಂಡ್ಲುಪೇಟೆ ದಾಟಿ ಬಂಡೀಪುರ, ಅಲ್ಲಿಂದ ಮುಂದೆ ಕೇರಳ, ತಮಿಳುನಾಡು. ಹಳೇ ನಂಬರ್ 212, ಈಗಿನ 766.

ಈ ಸಾಲಿನಲ್ಲಿ ಇತ್ತೀಚೆಗೆ ಇನ್ನೊಂದು ಬಗೆಯ ಗಾಡಿ ಕಣ್ಣಿಗೆ ಬೀಳುತ್ತೆ. ಹೊರಗಿಂದ ನೋಡಿದರೆ ಮದುವೆಗೆ, ಜಾತ್ರೆಗೆ, ಸ್ಕೂಲ್ ಮಕ್ಕಳಿಗೆ ಓಡಿಸೋ ವ್ಯಾನು. ಕಿಟಕಿಯೊಳಗೆ ಇಣುಕಿದರೆ ಸೀಟೇ ಇಲ್ಲ, ಸೂರಿನವರೆಗೆ ಕ್ರೇಟು.

ಕಾರಣ ಊಹಿಸೋದು ಕಷ್ಟ ಅಲ್ಲ. ಕೊರೊನಾ ಕಾಲದಲ್ಲಿ ಜನ ಓಡಾಡೋದು ನಿಂತಿತು, ತರಕಾರಿ ನಿಲ್ಲಲಿಲ್ಲ. ಆಗ ವ್ಯಾನಿನಲ್ಲಿ ಸೊಪ್ಪು, ಈರುಳ್ಳಿ ಮಾರಿ ಸಂಸಾರ ನಡೆಸಿದವರು ಎಷ್ಟೋ ಜನ. ಆಮೇಲೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಆಯ್ತು. ನಮ್ಮ ಮನೆಯ ಹೆಂಗಸರೂ ಸೇರಿ ಎಲ್ಲರಿಗೂ ಅದು ಒಳ್ಳೇದೇ. ಆದರೆ ಸೀಟಿಗಿಷ್ಟು ಅಂತ ಓಡಿಸುತ್ತಿದ್ದವರಿಗೆ ಪೆಟ್ಟು ಬಿತ್ತು. ಅದೇ ವರ್ಷ ಸೆಪ್ಟೆಂಬರ್ 11ಕ್ಕೆ ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಮಾಡಿದಾಗ ಇದೂ ಒಂದು ದೂರಾಗಿತ್ತು.

ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯೋನು, ಇದೇ ಸಾಲಿಗೆ ಸೇರಿದವನು. ಅವನದು ಹಳದಿ ಬೋರ್ಡಿನ ಏಳು ಸೀಟಿನ ವ್ಯಾನು. ಒಂದು ಭಾನುವಾರ ಫೋನ್ ಮಾಡಿ ಹೇಳಿದ: "ಸೀಟ್ ಬಿಚ್ಚಾಕಿ ತರಕಾರಿ ತುಂಬ್ತೀನಿ ಕನ್ಲಾ. ನೀನು ಎಂಜಿನಿಯರ್ ಅಲ್ವಾ, ವಸಿ ನೋಡಿ ಹೇಳು." ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ಹಳೇ ಪುಸ್ತಕದ ಧೂಳು ಕೊಡವೋಕೆ ಒಂದು ನೆಪ ಸಿಕ್ಕಿತು. ಎರಡು ವಾರ ಕೂತು ಕಾನೂನು, ತೂಕ, ವಿಮೆ ಮೂರನ್ನೂ ಓದಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಇದೇ ಯೋಚನೆಯಲ್ಲಿದ್ದರೆ ಉಪಯೋಗ ಆಗಬಹುದು.

ಜಾಗ ಬೇರೆ, ತೂಕ ಬೇರೆ

ಸೀಟು ತೆಗೆದ ವ್ಯಾನಿನ ಒಳಗೆ ನಿಂತು ನೋಡಿದರೆ ಮೂವತ್ತು ಕ್ರೇಟ್ ಆರಾಮಾಗಿ ಹಿಡಿಸುತ್ತೆ ಅನ್ಸುತ್ತೆ. ಜಾಗದ ಮಟ್ಟಿಗೆ ಅದು ನಿಜವೇ. ಆದರೆ ಗಾಡಿ ಹೊರೋದು ಜಾಗವನ್ನಲ್ಲ, ತೂಕವನ್ನ.

ಆರ್‌ಸಿ ತೆಗೆದು ನೋಡಿ. ಖಾಲಿ ಗಾಡಿಯ ತೂಕ ಇರುತ್ತೆ. ಸರಕು ಗಾಡಿಯಾದರೆ ತುಂಬಿದ ಗಾಡಿಯ ಗರಿಷ್ಠ ತೂಕವೂ ಇರುತ್ತೆ. ಇಲ್ಲದಿದ್ದರೆ ತಯಾರಕರ ಕೈಪಿಡಿಯಲ್ಲಿ ಸಿಗುತ್ತೆ. ಇದರಲ್ಲಿ ಅದನ್ನ ಕಳೆದರೆ ಉಳಿಯೋದೇ ನೀವು ಹೇರಬಹುದಾದ ಭಾರ, ಡ್ರೈವರ್ ಸೇರಿ.

ಅಂದಾಜಿಗೆ ಹೀಗೆ ಲೆಕ್ಕ ಹಾಕಿ. ಏಳು ಜನ, ತಲೆಗೆ 70 ಕೆ.ಜಿ. ಅಂದರೆ 490. ಡ್ರೈವರ್ ಕಳೆದರೆ 420. ಒಂದು ಟೊಮೆಟೊ ಕ್ರೇಟಿನಲ್ಲಿ 25 ಕೆ.ಜಿ. ಹಣ್ಣು, ಕ್ರೇಟಿನದೇ ಎರಡು ಕೆ.ಜಿ. ಅಂತ ಇಟ್ಟುಕೊಳ್ಳಿ. 420ನ್ನು 27ರಿಂದ ಭಾಗಿಸಿದರೆ ಹದಿನೈದು ಕ್ರೇಟು. ಮೂವತ್ತಲ್ಲ, ಹದಿನೈದು.

"ಸೀಟಿನ ತೂಕ ಕಮ್ಮಿ ಆಗಲ್ವಾ?" ಅಂತ ಅಣ್ಣ ಕೇಳಿದ. ಆಗುತ್ತೆ. ಆದರೆ ತಳಕ್ಕೆ ಪ್ಲೈವುಡ್ ಹಾಕಬೇಕು, 12 ಎಂ.ಎಂ. ದಪ್ಪದ ಒಂದು ಪೂರ್ತಿ ಶೀಟೇ 20-25 ಕೆ.ಜಿ. ತೂಗುತ್ತೆ. ಡ್ರೈವರ್ ಹಿಂದೆ ಕಬ್ಬಿಣದ ಜಾಲರಿ ಬೇಕು. ಉಳಿಸಿದ್ದು ಅಲ್ಲಿಗಲ್ಲಿಗೆ ಸರಿಹೋಗುತ್ತೆ.

ಹೂವಿನ ಕಥೆ ಬೇರೆ. ಚೆಂಡುಹೂವಿನ ಮೂಟೆ ಜಾಗ ತಿನ್ನುತ್ತೆ, ತೂಕ ಕಡಿಮೆ. ವ್ಯಾನು ತುಂಬಿದರೂ ಆಕ್ಸಲ್ ನರಳಲ್ಲ. ಓಣಂ ಹೂವಿರಲಿ, ಬಣ್ಣ ತೆಗೆಯೋ ಕಾರ್ಖಾನೆಗೆ ಹೋಗೋ ಹೂವಿರಲಿ, ಮುಚ್ಚಿದ ವ್ಯಾನಿನಲ್ಲಿ ಗಾಳಿ ಆಡದಿದ್ದರೆ ಬಾಡುತ್ತೆ ಅನ್ನೋದಷ್ಟೇ ತೊಂದರೆ. ಹಾಗಾಗಿ ಮೊದಲ ಪ್ರಶ್ನೆ "ಎಷ್ಟು ಹಿಡಿಸುತ್ತೆ" ಅನ್ನೋದಲ್ಲ, "ಏನು ತುಂಬ್ತೀರಿ" ಅನ್ನೋದು.

ಟೈರನ್ನೂ ನೋಡಿ. ಪಕ್ಕದಲ್ಲಿ ಅಳತೆಯ ನಂತರ ಒಂದು ಸಂಖ್ಯೆ ಇರುತ್ತೆ. ಅದು ಲೋಡ್ ಇಂಡೆಕ್ಸ್. 73 ಅಂತ ಇದ್ದರೆ ಆ ಟೈರು ಹೊರೋದು 365 ಕೆ.ಜಿ., 85 ಇದ್ದರೆ 515 ಕೆ.ಜಿ. ಕಾರಿನ ಟೈರಿಗೂ ಸರಕು ಗಾಡಿಯ ಟೈರಿಗೂ ಇರೋ ವ್ಯತ್ಯಾಸ ಆ ಪುಟ್ಟ ಸಂಖ್ಯೆಯಲ್ಲಿದೆ. ಹಿಂದೆ ಪಟ್ಟಾ ಒಂದು ಜಾಸ್ತಿ ಹಾಕಿಸಿದರೆ ಗಾಡಿ ಕೂರೋದು ನಿಲ್ಲುತ್ತೆ, ನಿಜ. ಬ್ರೇಕು, ಬೇರಿಂಗು, ಟೈರು ಮಾತ್ರ ಮೊದಲಿನವೇ.

ಕಾನೂನು ಏನು ಹೇಳುತ್ತೆ

ಇಲ್ಲಿ ಅಣ್ಣನ ಉತ್ಸಾಹ ಇಳಿಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಒಪ್ಪಿಗೆ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಪರ್ಮಿಟ್ ಇನ್ನೊಂದು ಗಂಟು. ಪ್ರಯಾಣಿಕರಿಗೆ ಕೊಟ್ಟ ಪರ್ಮಿಟ್ಟಿನಲ್ಲಿ ಸರಕು ಹೊತ್ತರೆ ಪರ್ಮಿಟ್ ಇಲ್ಲದೆ ಓಡಿಸಿದ ಹಾಗೆ. ಮೊದಲ ಸಲಕ್ಕೇ 10,000 ರೂಪಾಯಿ ದಂಡದ ಜೊತೆ ಜೈಲಿನ ಮಾತೂ ಕಾಯ್ದೆಯಲ್ಲಿದೆ. "ಹಂಗಾದ್ರೆ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಪಾರ್ಸೆಲ್ ಹೋಗಲ್ವಾ?" ಅಂದ ಅಣ್ಣ. ಒಳ್ಳೆ ಪ್ರಶ್ನೆ. ಸ್ಟೇಜ್ ಕ್ಯಾರೇಜ್ ಪರ್ಮಿಟ್ಟಿನ ಗಾಡಿಯಲ್ಲಿ ಷರತ್ತಿನ ಮೇಲೆ ಸರಕನ್ನೂ ಸಾಗಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಕೆಎಸ್‌ಆರ್‌ಟಿಸಿ 2021ರಲ್ಲಿ ಶುರು ಮಾಡಿದ 'ನಮ್ಮ ಕಾರ್ಗೋ' ಕೂಡ ಬಸ್ಸಿನಲ್ಲೇ ಪಾರ್ಸೆಲ್ ಒಯ್ಯುತ್ತೆ. ಬಾಡಿಗೆ ವ್ಯಾನಿಗೆ ಆ ಅನುಕೂಲ ಇಲ್ಲ.

ಹಾಗಂತ ಪ್ಯಾಸೆಂಜರ್ ಗಾಡಿ ಸರಕು ಗಾಡಿ ಆಗೋದೇ ಇಲ್ಲ ಅಂತಲ್ಲ. ರೈಲ್ವೆಯವರು ವಯಸ್ಸಾದ ಪ್ಯಾಸೆಂಜರ್ ಬೋಗಿಗಳ ಸೀಟು ತೆಗೆದು, ಕಿಟಕಿ-ಬಾಗಿಲು ಮುಚ್ಚಿ, ತುದಿಯಲ್ಲಿ ದೊಡ್ಡ ಬಾಗಿಲಿಟ್ಟು ಕಾರು ಸಾಗಿಸೋ ಬೋಗಿ ಮಾಡ್ತಾರೆ. ಅದಕ್ಕೆ ಎನ್‌ಎಂಜಿ ಅಂತ ಹೆಸರು. 2020ರಲ್ಲಿ ಮಹಾರಾಷ್ಟ್ರದ ಸಾರಿಗೆ ಸಂಸ್ಥೆ ಹಳೇ ಬಸ್ಸುಗಳನ್ನು ಸರಕಿಗೆ ಇಳಿಸಿತು. ಅವರ ಹತ್ತಿರ ವಿನ್ಯಾಸ ಮಾಡೋಕೆ, ಒಪ್ಪಿಗೆ ಪಡೆಯೋಕೆ ಜನ ಇದ್ದಾರೆ. ನಮಗೆ ಇರೋದು ಒಂದು ಪಾನಾ ಸೆಟ್ಟು.

ನಮ್ಮಂಥವರಿಗೆ ದಾರಿ ಇಷ್ಟೇ. ನಿಮ್ಮ ಮಾದರಿಯಲ್ಲೇ ಕಂಪನಿಯವರು ಕಾರ್ಗೋ ಆವೃತ್ತಿಗೂ ಅನುಮೋದನೆ ಪಡೆದಿದ್ದಾರಾ ಅಂತ ಮೊದಲು ತಿಳ್ಕೊಳ್ಳಿ. ಪಡೆದಿದ್ದರೆ ಅದರ ವಿವರ ಹಿಡಿದು ಆರ್‌ಟಿಒಗೆ ಅರ್ಜಿ ಕೊಟ್ಟು, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಒಪ್ಪಿಗೆ ಸಿಕ್ಕರೆ ಆರ್‌ಸಿಯಲ್ಲಿ ಗಾಡಿಯ ವರ್ಗ, ಸೀಟಿನ ಸಂಖ್ಯೆ, ತೂಕ ಬದಲಾಗಬೇಕು, ಎಫ್‌ಸಿ ಆಗಬೇಕು. ಎಂಟು ವರ್ಷದೊಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ ಎಫ್‌ಸಿ.

ಖುಷಿ ವಿಷಯವೂ ಎರಡಿವೆ. ತುಂಬಿದ ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ 66ನೇ ಕಲಂ ಪರ್ಮಿಟ್ಟಿನಿಂದ ವಿನಾಯಿತಿ ಕೊಟ್ಟಿದೆ. ಇನ್ನು, ಮಾಮೂಲಿ ಎಲ್‌ಎಂವಿ ಲೈಸೆನ್ಸ್ ಇದ್ದರೂ 7,500 ಕೆ.ಜಿ.ವರೆಗಿನ ಸಾರಿಗೆ ವಾಹನ ಓಡಿಸಬಹುದು ಅಂತ 2024ರ ನವೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಗಡಿ ದಾಟೋದಾದರೆ ಆಯಾ ರಾಜ್ಯದ ತೆರಿಗೆ ವಿಚಾರಿಸಿಕೊಂಡೇ ಹೊರಡಿ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್ ಅನ್ನೋದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಮೂಟೆ ಮೇಲೆ ಕೂತವರು

ಇಷ್ಟು ಹೇಳಿದ ಮೇಲೂ ಅಣ್ಣ "ಸಿಕ್ಕಾಕಂಡ್ರೆ ತಾನೇ ದಂಡ" ಅಂದ. ಅವನನ್ನು ತಡೆದು ನಿಲ್ಲಿಸಿದ್ದು ವಿಮೆಯ ಪುಟ.

ನಮ್ಮ ಕಡೆ ಲೋಡು ಒಂಟಿಯಾಗಿ ಹೋಗಲ್ಲ. ಜಮೀನಿನವರು ಒಬ್ಬರು ಬರ್ತಾರೆ, ಇಳಿಸೋಕೆ ಇಬ್ಬರು ಬರ್ತಾರೆ, ದಾರಿಯಲ್ಲಿ ತೆರಕಣಾಂಬಿ ಮಾರ್ಕೆಟ್ಟಿಗೆ ಹೊರಟ ಇನ್ನೊಬ್ಬ ಕೈ ಅಡ್ಡ ಹಾಕ್ತಾನೆ. ಸೀಟಿಲ್ಲದ ವ್ಯಾನಿನಲ್ಲಿ ಅವರೆಲ್ಲ ಕೂರೋದು ಕ್ರೇಟಿನ ಮೇಲೆ.

ಗೂಡ್ಸ್ ಗಾಡಿಯಲ್ಲಿ ಸರಕಿನ ಜೊತೆ ಹೋಗೋ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ 1994ರ ತಿದ್ದುಪಡಿಯಿಂದ ಥರ್ಡ್ ಪಾರ್ಟಿ ವಿಮೆಯ ರಕ್ಷಣೆ ಇದೆ. ಗಾಡಿ ಮಾಲೀಕನ ಕೆಲಸಗಾರರಿಗೂ ಕಾಯ್ದೆಯಲ್ಲಿ ಜಾಗ ಇದೆ. ಸುಮ್ಮನೆ ಹತ್ತಿದವರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಈ ರಕ್ಷಣೆಯೆಲ್ಲ ದಾಖಲೆಯಲ್ಲಿ 'ಗೂಡ್ಸ್' ಅಂತ ಇರೋ ಗಾಡಿಗೆ. ಸ್ವಂತ ಬಳಕೆಯ ಕಾರಿನ ಪಾಲಿಸಿಯಲ್ಲಂತೂ ಬಾಡಿಗೆಗೆ ಓಡಿಸೋದು, ಸ್ವಂತ ಲಗೇಜು ಮತ್ತು ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸೋದು ಎರಡೂ ಹೊರಗೆ ಅಂತ ಅಚ್ಚಾಗಿರುತ್ತೆ. ಆರ್‌ಸಿಯಲ್ಲಿ ಏಳು ಸೀಟು, ಗಾಡಿಯಲ್ಲಿ ಒಂದು ಸೀಟು ಮತ್ತು ಟೊಮೆಟೊ ಇದ್ದಾಗ ಅಪಘಾತ ಆದರೆ, ಕಂಪನಿಯ ವಕೀಲರಿಗೆ ವಾದ ಹುಡುಕೋ ಕಷ್ಟವೇ ಇಲ್ಲ.

ಭೌತಶಾಸ್ತ್ರವೂ ಕರುಣೆ ತೋರಲ್ಲ. ಗಟ್ಟಿ ಡಿಕ್ಕಿಯಲ್ಲಿ ಗಾಡಿ ಗುರುತ್ವ ವೇಗೋತ್ಕರ್ಷದ ಇಪ್ಪತ್ತು ಪಟ್ಟು ಮಂದನದಲ್ಲಿ ನಿಂತಿತು ಅಂದುಕೊಳ್ಳಿ. 25 ಕೆ.ಜಿ.ಯ ಕ್ರೇಟು ಆ ಕ್ಷಣ ಅರ್ಧ ಟನ್ ಭಾರದ ಹಾಗೆ ಮುಂದಕ್ಕೆ ನುಗ್ಗುತ್ತೆ. ಮುಂದೆ ಇರೋದು ಡ್ರೈವರಿನ ಬೆನ್ನು.

ಫೋನ್ ಸ್ಪೀಕರಿನಲ್ಲಿತ್ತು. ಅತ್ತಿಗೆ ಆ ಕಡೆಯಿಂದ ಹೇಳಿದರು: "ಲೋಡಿಗೆ ನಮ್ಮ ಮನೆಯೋರೇ ತಾನೇ ಹೋಗೋದು. ಬ್ಯಾಡ ಬುಡಿ." ಕಲಂ ನಂಬರುಗಳಿಗಿಂತ ಆ ಮಾತು ಬೇಗ ತಗುಲಿತು.

ಒಪ್ಪಿಗೆ ಸಿಕ್ಕರೆ ಹೀಗೆ ಮಾಡಿ

ನಿಮ್ಮ ಮಾದರಿಗೆ ಒಪ್ಪಿಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ಗ್ಯಾರೇಜಿನಲ್ಲಿ ಇವಿಷ್ಟು ಗಮನಿಸಿ:

• ಸೀಟು ಬೋಲ್ಟಿನ ತೂತುಗಳನ್ನು ಹಾಗೇ ಬಿಡಬೇಡಿ. ನೀರು ನುಗ್ಗಿ ತುಕ್ಕು ಹಿಡಿಯುತ್ತೆ, ಕೆಳಗಿನ ಹೊಗೆಯೂ ಒಳಗೆ ಬರಬಹುದು.

• ಆ ಜಾಗಗಳೇ ಹಗ್ಗ, ಬೆಲ್ಟು ಕಟ್ಟೋಕೆ ಗಟ್ಟಿ ಜಾಗ. ಸೀಟನ್ನು ಹಿಡಿದಿಡೋಕೆ ಅಂತಲೇ ಅಲ್ಲಿ ತಗಡನ್ನು ಬಲಪಡಿಸಿರುತ್ತಾರೆ. ಕೊಕ್ಕೆ ಅಲ್ಲೇ ಹಾಕಿಸಿ.

• ಭಾರದ ಕ್ರೇಟು ಕೆಳಗೆ, ಎರಡು ಆಕ್ಸಲ್ ನಡುವೆ ಇರಲಿ. ಎಲ್ಲ ಹಿಂದಕ್ಕೆ ಪೇರಿಸಿದರೆ ಮುಂಭಾಗ ಹಗುರವಾಗಿ ಸ್ಟೇರಿಂಗ್ ತೇಲುತ್ತೆ.

• ಡ್ರೈವರ್ ಹಿಂದೆ ಜಾಲರಿ ಕಡ್ಡಾಯ ಅಂತಲೇ ತಿಳಿಯಿರಿ. ಕಿಟಕಿಗೂ ಒಳಗಿಂದ ಸರಳು ಬೇಕು.

• ತರಕಾರಿಗೆ ಗಾಳಿ ಆಡಲಿ, ತಳ ತೊಳೆಯೋ ಹಾಗಿರಲಿ. ಕೊಳೆತ ಟೊಮೆಟೊ ನೀರು ತಗಡನ್ನು ತಿನ್ನುತ್ತೆ.

• ಪಾಲಿಸಿ ಬದಲಾಗಿ ಕೈಗೆ ಬರೋವರೆಗೆ ಒಂದು ಕ್ರೇಟೂ ಹೇರಬೇಡಿ.

ನಮ್ಮ ಅಣ್ಣನ ಗಾಡಿಗೆ ಲೆಕ್ಕ ಕೂಡಿ ಬರಲಿಲ್ಲ. ಹದಿನೈದು ಕ್ರೇಟಿಗೆ ಮೈಸೂರಿಗೆ ಹೋಗಿ ಬಂದರೆ ಪೆಟ್ರೋಲು, ಟೀ ಕಳೆದು ಉಳಿಯೋದು ಕಡಿಮೆ. ಹೂವಿನ ಸೀಸನ್ನು ವರ್ಷವಿಡೀ ಇರಲ್ಲ. ವ್ಯಾನನ್ನು ಸೀಟಿನ ಸಮೇತ ಮಾರಿ, ಸ್ವಲ್ಪ ಸಾಲ ಸೇರಿಸಿ, ಸೆಕೆಂಡ್ ಹ್ಯಾಂಡ್ ಸಣ್ಣ ಗೂಡ್ಸ್ ಗಾಡಿ ತಗೊಂಡ. ತೆರೆದ ತೊಟ್ಟಿ, ಟಾರ್ಪಾಲು, ಕಾಗದ ಎಲ್ಲ ಅದರ ಹೆಸರಿಗೇ ಸರಿಯಾಗಿದೆ. ದೊಡ್ಡವ್ವನಿಗೆ ಮಾತ್ರ ಬೇಜಾರು: "ಇನ್ಮ್ಯಾಕ ಮಾದಪ್ಪನ ಬೆಟ್ಕ ಹೋಗದು ಹೆಂಗ್ಲಾ?" ಬಸ್ಸಿದೆ ಅವ್ವಾ, ನಿನಗೆ ಟಿಕೆಟ್ಟೂ ಇಲ್ಲ ಅಂತ ಹೇಳಿದ್ದೇವೆ. ಈ ಶಿವರಾತ್ರಿಗೆ ಹೋಗೋದು ಅಂತ ಮಾತಾಗಿದೆ.